ಒಂದು ಬೆರಳು ಸಡಿಲ

ದೊಡ್ಡಮ್ಮ ಮೊದಲ ಸಲ ವಿಮಾನ ಹತ್ತಿದಾಗ ಅವಳಿಗೆ ಅರವತ್ತು ದಾಟಿ ಕೆಲವು ವರ್ಷಗಳಾಗಿದ್ದವು. ಪಕ್ಕದ ಸೀಟಿನವನು ಬೆಲ್ಟು ಹಾಕಿಕೊಳ್ಳುವುದು ಹೇಗೆಂದು ತೋರಿಸಿಕೊಟ್ಟ. ಅವಳು ಅದನ್ನು ಎರಡು ಸಲ ಜಗ್ಗಿ ನೋಡಿ, ಹೊಲಿಗೆ ಗಟ್ಟಿಯಾಗಿದೆ ಎಂದು ಸಮಾಧಾನ ಮಾಡಿಕೊಂಡು ಕಣ್ಣು ಮುಚ್ಚಿದಳು.

ದೊಡ್ಡಮ್ಮ ಎಂದು ಮೊದಲು ಕರೆದವಳು ತಂಗಿಯ ಮಗಳು. ಆಮೇಲೆ ಇಡೀ ಬೀದಿ ಹಾಗೇ ಕರೆಯಿತು. ಮದುವೆ ಮಾಡಿಕೊಳ್ಳದೆ, ತಂಗಿಯ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಹಾಕಿಕೊಂಡು, ಬೀದಿಯ ಮಕ್ಕಳಿಗೆಲ್ಲ ಬಟ್ಟೆ ಹೊಲಿಯುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವಳು ಅವಳು. ಅವಳ ಕೈಯ ಬಟ್ಟೆ ಕಂಕುಳಲ್ಲಿ ಕಚ್ಚುವುದಿಲ್ಲ, ಕುತ್ತಿಗೆಗೆ ಚುಚ್ಚುವುದಿಲ್ಲ ಎಂದು ಹೆಸರಾಗಿತ್ತು. ಅದರ ಗುಟ್ಟು ದೊಡ್ಡದೇನೂ ಅಲ್ಲ. ಮಗುವಿನ ಅಳತೆ ಎಷ್ಟೇ ಬರಲಿ, ಅವಳು ಒಂದು ಬೆರಳು ಸೇರಿಸಿ ಕತ್ತರಿಸುತ್ತಿದ್ದಳು. ಒಳಗಡೆ ಹೊಲಿಗೆಯ ಪಕ್ಕ ಇನ್ನಷ್ಟು ಬಟ್ಟೆ ಬಿಡುತ್ತಿದ್ದಳು. ಬೆಳೆಯುವ ಮಕ್ಕಳು, ಮುಂದಿನ ವರ್ಷ ಬಿಚ್ಚಿ ದೊಡ್ಡದು ಮಾಡಿಕೊಳ್ಳಲಿ ಎಂದು.

ಅವಳ ಹಳೆಯ ಗಿರಾಕಿಯೊಬ್ಬರು ಡಾಕ್ಟರು. ಸುಟ್ಟ ಗಾಯದವರನ್ನು ನೋಡಿಕೊಳ್ಳುವ ಹೊರದೇಶದ ಆಸ್ಪತ್ರೆಯೊಂದರಲ್ಲಿ ಹೊಲಿಗೆ ಬಲ್ಲವರು ಬೇಕಾಗಿದ್ದಾರೆ ಎಂದು ಅವರು ಮಾತಿನ ನಡುವೆ ಹೇಳಿದ್ದರು. ದೊಡ್ಡಮ್ಮ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ವಾರಗಟ್ಟಲೆ ಹೊರಳಾಡಿಸಿ, ಒಂದು ದಿನ ಊಟದ ಹೊತ್ತಿಗೆ ಹೊರಹಾಕಿದಳು. ತಂಗಿ ಬಡಿಸುತ್ತಿದ್ದ ಸೌಟನ್ನು ಹಾಗೇ ಎತ್ತಿ ಹಿಡಿದು ನಿಂತಳು.

"ಆ ದೇಶದಲ್ಲಿ ಹೊಲಿಯೋರೇ ಇಲ್ವೇನಕ್ಕಾ?"

"ಇದ್ದಾರಂತೆ. ಸಾಲಲ್ವಂತೆ."

"ಸಂಬಳ?"

"ಇಲ್ಲ. ಇರೋಕೆ ಒಂದು ರೂಮು ಕೊಡ್ತಾರೆ."

"ಬಿಟ್ಟಿ ಚಾಕರಿಗೆ ಅಷ್ಟು ದೂರ ಯಾಕಕ್ಕಾ? ನಮ್ಮನೇಲಿ ದಿಂಬಿನ ಕವರು ಹರಿದು ವರ್ಷ ಆಯ್ತು. ಅದಕ್ಕೆ ಪಾಸ್‌ಪೋರ್ಟೂ ಬೇಡ."

ಎಲ್ಲರೂ ನಕ್ಕರು. ದೊಡ್ಡಮ್ಮನೂ ನಕ್ಕಳು. ಆದರೆ ಹೊರಡುವ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹುಟ್ಟಿದಾಗಿನಿಂದ ಯಾರದಾದರೂ ಜೊತೆಯಲ್ಲಿ, ಯಾರದಾದರೂ ಕೆಲಸಕ್ಕೆಂದೇ ಮನೆಯಿಂದ ಹೊರಗೆ ಕಾಲಿಟ್ಟವಳು ಅವಳು. ಒಬ್ಬಳೇ, ತನ್ನಿಷ್ಟಕ್ಕೆ, ಒಂದು ಸಲ ಹೋಗಿ ಬರಬೇಕು ಎನ್ನುವುದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ, "ಕೈ ಇನ್ನೂ ನಡುಗ್ತಿಲ್ಲ, ನಡುಗೋ ಮುಂಚೆ ಹೋಗ್ತೀನಿ" ಎಂದಷ್ಟೇ ಹೇಳಿದಳು.

ಆಸ್ಪತ್ರೆಯ ಹಿಂಭಾಗದಲ್ಲಿ ಹೊಲಿಗೆಯ ಕೋಣೆ. ಉದ್ದನೆಯ ಮೇಜು, ಗೋಡೆಗೆ ಮುಖ ಮಾಡಿದ ಮಿಷನ್ನುಗಳು, ಮೂಲೆಯಲ್ಲಿ ಪರದೆ ಎಳೆದು ಮಾಡಿದ ಸಣ್ಣ ಜಾಗ. ಅಲ್ಲಿ ರೋಗಿಗಳಿಗೆ ಬಟ್ಟೆ ತೊಡಿಸಿ ನೋಡುತ್ತಿದ್ದರು. ಅಲ್ಲಿ ಹೊಲಿಯುತ್ತಿದ್ದುದು ಅಂಗಿ ಲಂಗವಲ್ಲ. ಸುಟ್ಟ ಗಾಯ ಮಾಯುವಾಗ ಚರ್ಮ ಉಬ್ಬುತ್ತದೆ, ಹಗ್ಗದ ಹಾಗೆ ಗಟ್ಟಿಯಾಗುತ್ತದೆ, ಕೀಲುಗಳನ್ನು ಎಳೆದು ಮಡಿಸಿಬಿಡುತ್ತದೆ. ಹಾಗಾಗದಂತೆ ಹಿಗ್ಗುವ ಬಟ್ಟೆಯಲ್ಲಿ ಮೈಗೆ ಅಂಟಿ ಕೂರುವ ಬಿಗಿಯಾದ ತೋಳು, ಕಾಲುಚೀಲ, ಕೈಗವಸುಗಳನ್ನು ಹೊಲಿದು ತೊಡಿಸಬೇಕು. ಸ್ನಾನದ ಹೊತ್ತು ಬಿಟ್ಟರೆ ಹಗಲೂ ರಾತ್ರಿಯೂ ಅದು ಮೈಮೇಲಿರಬೇಕು, ವರ್ಷ ವರ್ಷ. ಆದ್ದರಿಂದ ಅಳತೆ ತೆಗೆದು, ಅದಕ್ಕಿಂತ ಕಮ್ಮಿ ಕತ್ತರಿಸಬೇಕು.

ಆ ಕೋಣೆಯ ಮುಖ್ಯಸ್ಥೆಗೆ ದೊಡ್ಡಮ್ಮ ಮನಸ್ಸಿನಲ್ಲೇ ಇಸ್ತ್ರಿ ಮೇಡಂ ಎಂದು ಹೆಸರಿಟ್ಟಳು. ಆಕೆಯ ಕೋಟಿನಲ್ಲೂ ಸುಕ್ಕಿಲ್ಲ, ಮುಖದಲ್ಲೂ ಸುಕ್ಕಿಲ್ಲ, ಮಾತಿನಲ್ಲೂ ಇಲ್ಲ. ಇಬ್ಬರ ನಡುವಿನ ಮಾತು ಮೊದಮೊದಲು ಅರ್ಧ ಕೈಸನ್ನೆ, ಅರ್ಧ ಹರುಕುಮುರುಕು. ದೊಡ್ಡಮ್ಮ ಬೇಗನೆ ಅಲ್ಲಿಯ ಮಾತು ಹಿಡಿದಳು. ಅಳತೆಯ ಮಾತು, ನೋವಿನ ಮಾತು ಎರಡು ಬಂದರೆ ಆ ಕೋಣೆಯಲ್ಲಿ ಸಾಕಾಗುತ್ತಿತ್ತು.

"ಒಂದು ವಿಷಯ ನೆನಪಿಟ್ಕೊಳ್ಳಿ" ಎಂದಿದ್ದರು ಇಸ್ತ್ರಿ ಮೇಡಂ. "ಹಾಕ್ಕೊಂಡ ತಕ್ಷಣ ಹಿತವಾಗಿದೆ ಅಂತ ರೋಗಿ ಹೇಳಿದ್ರೆ, ಆ ಬಟ್ಟೆ ತಪ್ಪು ಅಂತ ಅರ್ಥ."

ದೊಡ್ಡಮ್ಮ ತಲೆಯಾಡಿಸಿದಳು. ಕೈ ಮಾತ್ರ ಬೇರೆ ಪಾಠ ಕಲಿತಿತ್ತು. ಮೇಡಂ ಹೇಳಿದ ಅಳತೆಗೇ ಹೊಲಿದಳು, ಆದರೆ ಹೊಲಿಗೆಯ ಪಕ್ಕ ಒಳಗಡೆ ಬಟ್ಟೆ ಬಿಟ್ಟಳು. ಉಳಿದವರು ಅಂಚಿಗೇ ಹೊಲಿದು ಮಿಕ್ಕಿದ್ದನ್ನು ಕತ್ತರಿಸಿ ಎಸೆಯುತ್ತಿದ್ದರು. ಇವಳಿಗೆ ಅದು ಕಣ್ಣಿಗೆ ಚುಚ್ಚುತ್ತಿತ್ತು. ಇಸ್ತ್ರಿ ಮೇಡಂ ಸಿದ್ಧವಾದ ಬಟ್ಟೆಯನ್ನು ಮೇಜಿನ ಮೇಲೆ ಅಳೆದು ನೋಡಿ, ಅಂಚಿಗೆ ನೀಲಿ ದಾರದ ಒಂದು ಹೊಲಿಗೆ ಹಾಕುತ್ತಿದ್ದರು. ನೀಲಿ ದಾರ ಬಿತ್ತೆಂದರೆ ಪಾಸಾಯಿತೆಂದು ಅರ್ಥ. ಆಮೇಲೆ ಹೊಲಿದವರೇ ಪರದೆಯ ಹಿಂದೆ ಕರೆದೊಯ್ದು ತೊಡಿಸಬೇಕು.

ಹಾಗೆ ಪರದೆಯ ಹಿಂದೆ ಬಂದವಳು ಚೂಟಿ. ಅದೂ ದೊಡ್ಡಮ್ಮ ಇಟ್ಟ ಹೆಸರೇ. ಇನ್ನೂ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು. ಒಲೆಯ ಮೇಲಿನ ಕುದಿಯುವ ನೀರು ಬಿದ್ದು ಭುಜದಿಂದ ಮಣಿಕಟ್ಟಿನವರೆಗೆ ಬಲಗೈ ಬೆಂದಿತ್ತು. ಅವಳ ತಾಯಿ ಹೋಟೆಲೊಂದರ ಬಟ್ಟೆ ಒಗೆಯುವ ಕೆಲಸದವಳು. ಬೆರಳ ತುದಿಗಳು ಸದಾ ನೀರಿನಲ್ಲಿ ನೆನೆದು ಬೆಳ್ಳಗಾಗಿರುತ್ತಿದ್ದವು. ಮಾತು ಕಮ್ಮಿ.

ಮೊದಲ ತೋಳನ್ನು ತೊಡಿಸುವಾಗ ಅದು ಮೊಣಕೈಗೆ ಬಂದರೂ ಚೂಟಿ ಕಿರುಚಲಿಲ್ಲ. ಕಿರುಚಿದ್ದರೆ ಎಷ್ಟೋ ವಾಸಿಯಿತ್ತು. ದೊಡ್ಡಮ್ಮನ ತೊಡೆಯ ಮೇಲೆ ಕುಳಿತು, ಅವಳ ಎದೆಗೆ ಹಣೆ ಒತ್ತಿಕೊಂಡು, ಸದ್ದಿಲ್ಲದೆ ಅತ್ತಳು. ದೊಡ್ಡಮ್ಮನ ಕೈಯಲ್ಲಿ ಸಣ್ಣ ಕತ್ತರಿ ಇತ್ತು. ಒಳಗಡೆ ಬಿಟ್ಟ ಬಟ್ಟೆಯೂ ಇತ್ತು. ಮೊಣಕೈಯ ಭಾಗದ ಹೊಲಿಗೆಯನ್ನು ಬಿಚ್ಚಿ, ಅಂಚಿನತ್ತ ಸರಿಸಿ, ಕೈಯಲ್ಲೇ ಮತ್ತೆ ಹೊಲಿದಳು. ತಾಯಿ ಪರದೆಗೆ ಒರಗಿ ನೋಡುತ್ತಿದ್ದಳು.

"ಸ್ವಲ್ಪವೇ ಸ್ವಲ್ಪ" ಎಂದಳು ದೊಡ್ಡಮ್ಮ, ಯಾರೂ ಕೇಳದಿದ್ದರೂ.

ಮುಂದಿನ ತೋಳಿಗೂ ಹಾಗೇ ಆಯಿತು. ಅದರ ಮುಂದಿನದಕ್ಕೂ. ಚೂಟಿ ಈಗ ಓಡಿಬಂದು ನೇರ ತೊಡೆ ಹತ್ತುತ್ತಿದ್ದಳು. ದೊಡ್ಡಮ್ಮನ ಕನ್ನಡಕ ತೆಗೆದು ತಾನು ಹಾಕಿಕೊಂಡು, "ಎಲ್ಲರೂ ದಪ್ಪ!" ಎಂದು ನಗುತ್ತಿದ್ದಳು. ಊರಿಗೆ ಫೋನು ಮಾಡಿದಾಗಲೆಲ್ಲ ದೊಡ್ಡಮ್ಮನ ಬಾಯಲ್ಲಿ ಅವಳದೇ ಸುದ್ದಿ.

"ನಿನ್ನ ಕೈಗುಣ ಅಲ್ಲೂ ಬಿಡ್ಲಿಲ್ಲ ನೋಡು" ಎಂದು ತಂಗಿ ನಕ್ಕಳು. "ಆ ಮಗೂನ ಕಟ್ಕೊಂಡು ಅಲ್ಲೇ ಇದ್ಬಿಡ್ಬೇಡ ಮತ್ತೆ."

ಆಸ್ಪತ್ರೆಯ ಡಾಕ್ಟರು ಚೂಟಿಯ ಕೈ ನೋಡುವ ದಿನ ದೊಡ್ಡಮ್ಮನನ್ನೂ ಕರೆದರು. ಬಟ್ಟೆಯ ತೋಳು ಕಳಚಿದ ಕೈ ಬಿಳಿ ಹಾಸಿನ ಮೇಲಿತ್ತು. ಭುಜದ ಕೆಳಗೆ ಚರ್ಮ ಮಟ್ಟಸವಾಗಿ, ಮೆತ್ತಗಾಗಿತ್ತು. ಮಣಿಕಟ್ಟಿನ ಬಳಿಯೂ ಹಾಗೇ. ನಡುವೆ ಮೊಣಕೈಯ ಒಳಗಡೆ ಮಾತ್ರ ಕೆಂಪಗೆ, ದಪ್ಪಗೆ ಉಬ್ಬಿ ನಿಂತಿತ್ತು. ಡಾಕ್ಟರು ಕೈಯನ್ನು ಚಾಚಲು ನೋಡಿದರು. ಅರ್ಧಕ್ಕೇ ನಿಂತಿತು. ಚೂಟಿ ಹಲ್ಲು ಕಚ್ಚಿದಳು.

"ಹೀಗೇ ಬಿಟ್ರೆ ಕೈ ಮಡಿಸಿದ ಹಾಗೇ ಉಳಿಯುತ್ತೆ. ಮತ್ತೆ ಕೊಯ್ಯಬೇಕಾಗುತ್ತೆ" ಎಂದರು ಡಾಕ್ಟರು. ಆಮೇಲೆ ತಾಯಿಯ ಕಡೆ ತಿರುಗಿದರು. "ಮನೇಲಿ ಇದನ್ನ ತೆಗೀತೀರಾ?"

"ಇಲ್ಲ."

"ರಾತ್ರಿ ಅವಳು ಅತ್ತಾಗ? ನಿಜ ಹೇಳಿ, ಬೈಯಲ್ಲ."

"ಇಲ್ಲ. ತೆಗೆದಿಲ್ಲ."

"ತೆಗೀದೆ ಹೀಗಾಗಲ್ಲಮ್ಮ" ಎಂದರು ಡಾಕ್ಟರು, ದಣಿದ ದನಿಯಲ್ಲಿ. ಪಕ್ಕದಲ್ಲಿದ್ದ ನರ್ಸು ತುಟಿ ಬಿಗಿದು ಕಿಟಕಿಯ ಕಡೆ ನೋಡಿದಳು. ಇಂಥ ತಾಯಂದಿರನ್ನು ಎಷ್ಟೋ ಕಂಡಿದ್ದೇನೆ ಎನ್ನುವ ಹಾಗೆ.

ತಾಯಿ ತಲೆ ಎತ್ತಿ ದೊಡ್ಡಮ್ಮನನ್ನು ನೋಡಿದಳು. ಸಿಟ್ಟಿನ ನೋಟವಲ್ಲ, ಬೇಡುವ ನೋಟವೂ ಅಲ್ಲ. ಸುಮ್ಮನೆ ನೋಡಿದಳು. ದೊಡ್ಡಮ್ಮ ಬಿಳಿ ಹಾಸಿನ ಸುಕ್ಕನ್ನು ಸವರಿದಳು. ಗೊತ್ತಿದ್ದ ಆ ಊರಿನ ಮಾತೆಲ್ಲ ಒಮ್ಮೆಗೇ ಮರೆತುಹೋಗಿತ್ತು. ಡಾಕ್ಟರು ತಿಂಗಳ ಗಡುವು ಕೊಟ್ಟು, ಅಷ್ಟರಲ್ಲಿ ಇಳಿಯದಿದ್ದರೆ ಆಪರೇಷನ್ ಎಂದು ಹೇಳಿ, ಮುಂದಿನ ರೋಗಿಯನ್ನು ಕರೆದರು.

ಆ ಸಂಜೆ ಅವಳು ತನ್ನ ರೂಮಿನ ಕಿಟಕಿಯ ಬಳಿ ಕುಳಿತು ತಂಗಿಗೆ ಫೋನು ಮಾಡಿದಳು. ಎಲ್ಲ ಹೇಳಿದಳು. ತಂಗಿ ಮೊದಲು ಕೇಳಿದ್ದು ಒಂದೇ.

"ಯಾರಿಗಾದ್ರೂ ಗೊತ್ತಾ?"

"ಆ ತಾಯಿಗೆ."

"ಅವಳು ಹೇಳ್ಲಿಲ್ವಲ್ಲ. ನೀನೂ ಸುಮ್ನಿದ್ಬಿಡಕ್ಕಾ. ಮುಂದಿನ ತೋಳು ಬಿಗಿಯಾಗಿ ಹೊಲಿ, ಸರಿಹೋಗುತ್ತೆ. ಪರದೇಶ, ಒಬ್ಬಳೇ ಇದ್ದೀಯ. ಕೇಸು ಗೀಸು ಅಂತ ಆದ್ರೆ ನಿನ್ನ ಹಿಂದೆ ಯಾರಿದ್ದಾರೆ ಅಲ್ಲಿ?"

"ಅವಳ ಹಿಂದೆ ಯಾರಿದ್ದಾರೆ?"

"ಅದು ನಿನಗ್ಯಾಕೆ ಬೇಕು? ಮರುಕ ಪಟ್ಟಿದ್ದಕ್ಕೇ ಇಷ್ಟಾಗಿದ್ದು."

ತಂಗಿ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಅದಕ್ಕೇ ಅದು ನಾಟಿತು. ದೊಡ್ಡಮ್ಮ ಫೋನಿಟ್ಟು, ತನ್ನ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿದಳು. ಆ ಕೈ ಮಾಡಿದ್ದೆಲ್ಲ ಒಳ್ಳೆಯದೇ ಎಂದು ಹೇಳುವವರ ನಡುವೆ ಅವಳು ಮುದುಕಿಯಾಗಿದ್ದಳು. ಸುಮ್ಮನಿದ್ದರೆ ಚೂಟಿ ಮುಂದೆಯೂ ಓಡಿಬಂದು ತೊಡೆ ಹತ್ತುತ್ತಾಳೆ, ತಾಯಿ ಕೆಟ್ಟ ತಾಯಿಯಾಗಿ ಉಳಿಯುತ್ತಾಳೆ. ಅಷ್ಟು ಸುಲಭ. ಆ ಸುಲಭವೇ ಅವಳಿಗೆ ಊಟ ಸೇರದಂತೆ ಮಾಡಿತು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದಳು. ಆ ಹೊತ್ತಿಗೆ ಚೂಟಿಗೆ ಹೊಲಿದ ತೋಳುಗಳು ಎರಡಿದ್ದವು, ಒಂದು ಮೈಮೇಲೆ, ಒಂದು ಒಗೆಯಲು. ಅವುಗಳಲ್ಲಿ ಒಂದು, ಅಂಚಿನ ಹೊಲಿಗೆ ಬಿಟ್ಟಿದೆಯೆಂದು ರಿಪೇರಿಗೆ ಬಂದು ಮೇಜಿನ ಮೇಲಿತ್ತು. ಇಸ್ತ್ರಿ ಮೇಡಂ ಕೋಟು ತೊಟ್ಟು ಗುಂಡಿ ಹಾಕಿಕೊಳ್ಳುತ್ತಿದ್ದಾಗ ದೊಡ್ಡಮ್ಮ ಅದನ್ನು ಒಳಹೊರಗು ಮಾಡಿ ಅವರ ಮುಂದೆ ಹರಡಿದಳು. ಹೊಸ ಹೊಲಿಗೆಯ ಪಕ್ಕದಲ್ಲಿ ಬಿಚ್ಚಿದ ಹೊಲಿಗೆಯ ಸೂಜಿತೂತುಗಳು ಸಾಲಾಗಿ ಕಾಣುತ್ತಿದ್ದವು.

"ಇದನ್ನ ಬಿಚ್ಚಿದ್ದು ನಾನು. ನೀವು ನೀಲಿ ದಾರ ಹಾಕಿದ ಮೇಲೆ. ಅವಳ ತಾಯಿ ತೋಳು ತೆಗೆದಿಲ್ಲ."

ಇಸ್ತ್ರಿ ಮೇಡಂ ಕನ್ನಡಕ ಹಾಕಿಕೊಂಡು ತೂತುಗಳ ಮೇಲೆ ಬೆರಳಾಡಿಸಿದರು.

"ಎಷ್ಟು ಸಲ?"

"ಪ್ರತಿ ಸಲ."

"ಬೇರೆ ಯಾರಿಗೆ?"

"ಯಾರಿಗೂ ಇಲ್ಲ. ಅವಳೊಬ್ಬಳಿಗೇ."

"ಯಾಕೆ?"

"ಅತ್ತಳು."

"ಎಲ್ಲರೂ ಅಳ್ತಾರೆ ಇಲ್ಲಿ."

"ನನ್ನ ತೊಡೆ ಮೇಲೆ ಕೂತು ಅತ್ತಳು."

ಇಸ್ತ್ರಿ ಮೇಡಂ ಮುಖದಲ್ಲಿ ಮೊದಲ ಸಲ ಒಂದು ಸುಕ್ಕು ಬಿತ್ತು. ಬೈಯುತ್ತಾರೆಂದು ದೊಡ್ಡಮ್ಮ ಕಾದಳು. ಆಕೆ ಎದ್ದು ಹೋಗಿ, ದೊಡ್ಡಮ್ಮ ಹೊಲಿದು ಕಪಾಟಿನಲ್ಲಿಟ್ಟಿದ್ದ ಬಟ್ಟೆಗಳನ್ನೆಲ್ಲ ತಂದು, ಒಂದೊಂದನ್ನೇ ತಿರುವಿ, ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಕತ್ತರಿಸಿ ಕತ್ತರಿಸಿ ಕೆಳಗೆ ಹಾಕಿದರು. 

"ನಾನು ಊರಿಗೆ ಹೋಗ್ಬಿಡ್ಲಾ?" ಎಂದಳು ದೊಡ್ಡಮ್ಮ.

"ಹೋದ್ರೆ ನಿಮಗೆ ಒಳ್ಳೇದು. ನನಗೆ ಒಂದು ಮಿಷನ್ನು ಖಾಲಿ ಬೀಳುತ್ತೆ, ಅಷ್ಟೇ." ಇಸ್ತ್ರಿ ಮೇಡಂ ತಲೆ ಎತ್ತಲಿಲ್ಲ. "ಡಾಕ್ಟರಿಗೆ ನಾನು ಹೇಳ್ತೀನಿ. ನೀಲಿ ದಾರ ಹಾಕಿದ ಮೇಲೆ ನೋಡದೆ ಬಿಟ್ಟಿದ್ದು ನಾನು. ಆ ತಾಯಿಗೆ ಮಾತ್ರ ನಾನು ಹೇಳಲ್ಲ. ಅದು ನಿಮ್ಮ ಕೆಲಸ."

ಹೋಟೆಲಿನ ವಿಳಾಸವನ್ನು ನರ್ಸಿನ ಹತ್ತಿರ ಕೇಳಿ ತಿಳಿದುಕೊಂಡು ದೊಡ್ಡಮ್ಮ ಬಸ್ಸು ಹತ್ತಿದಳು. ಆಸ್ಪತ್ರೆ, ರೂಮು, ನಡುವಿನ ರಸ್ತೆ ಇಷ್ಟು ಬಿಟ್ಟು ಆ ಊರಿನಲ್ಲಿ ಅವಳು ಬೇರೆಲ್ಲೂ ಹೋಗಿರಲಿಲ್ಲ. ತಪ್ಪು ಕಡೆ ಇಳಿದು, ಹಿಂದಕ್ಕೆ ನಡೆದು, ಕಸದ ಡಬ್ಬಿಗಳ ಓಣಿಯಲ್ಲಿದ್ದ ಹಿಂಬಾಗಿಲನ್ನು ಕೊನೆಗೂ ಹುಡುಕಿದಳು. ಒಳಗೆ ಹಬೆ. ಸದ್ದು ಮಾಡುವ ದೊಡ್ಡ ಡಬ್ಬದಂಥ ಯಂತ್ರಗಳು. ಚೂಟಿಯ ತಾಯಿ ಮೇಜಿನ ಬಳಿ ಒಬ್ಬಳೇ ನಿಂತು ಹಾಸಿಗೆಯ ಚಾದರ ಮಡಿಸುತ್ತಿದ್ದಳು. ಒಬ್ಬಳಿಗೆ ಅಗಲ ಸಾಲದೆ ಒಂದು ತುದಿಯನ್ನು ಗದ್ದದಡಿ ಒತ್ತಿ ಹಿಡಿದಿದ್ದಳು.

ದೊಡ್ಡಮ್ಮ ಏನೂ ಹೇಳದೆ ಹೋಗಿ ಆ ಕಡೆಯ ತುದಿ ಹಿಡಿದುಕೊಂಡಳು. ಇಬ್ಬರೂ ಎಳೆದರು, ಕೂಡಿಸಿದರು, ಮತ್ತೆ ಎಳೆದರು. ಎರಡು ಚಾದರ ಮುಗಿದ ಮೇಲೆ ದೊಡ್ಡಮ್ಮನಿಗೆ ಮಾತು ಬಂತು.

"ಹೇಳಿದೆ. ನಾನೇ ಬಿಚ್ಚಿದ್ದು ಅಂತ. ನಿಮ್ಮದೇನೂ ತಪ್ಪಿಲ್ಲ ಅಂತ."

ತಾಯಿ ಮೂರನೆಯ ಚಾದರವನ್ನು ಕೊಡವಿದಳು. "ಯಾವಾಗ?"

"ಇವತ್ತು ಬೆಳಿಗ್ಗೆ."

"ನಿನ್ನೆ ಹೇಳ್ಬಹುದಿತ್ತು."

"ಹೌದು." ದೊಡ್ಡಮ್ಮ ತಡೆದು ಕೇಳಿದಳು. "ನೀವ್ಯಾಕೆ ಹೇಳ್ಲಿಲ್ಲ? ನೀವು ನೋಡಿದ್ರಲ್ಲ."

"ಹೇಳಿದ್ರೆ ಯಾರು ನಂಬ್ತಿದ್ರು? ಮಗೂನ ಸುಟ್ಟೋಳು ಇನ್ನೊಬ್ಬರ ಮೇಲೆ ಹಾಕ್ತಾಳೆ ಅಂತಿದ್ರು." ಅವಳು ಚಾದರದ ಮೂಲೆಗಳನ್ನು ಸರಿ ಹೊಂದಿಸುತ್ತಲೇ ಮಾತಾಡಿದಳು. "ನೀರು ಬಿದ್ದ ದಿನ ಎಲ್ಲರೂ ನನ್ನನ್ನೇ ಅಂದ್ರು. ಅನ್ಲಿ, ಆ ಪಾತ್ರೆ ಅಂಚಿಗೆ ಇಟ್ಟವಳು ನಾನೇ. ಇದು ನನ್ನದಲ್ಲ. ನೀವು ಹೇಳ್ತೀರೋ ಇಲ್ವೋ ನೋಡೋಣ ಅನ್ಕೊಂಡೆ."

ಯಂತ್ರವೊಂದು ನಡುಗಿ ನಿಂತಿತು. ತಾಯಿಯ ದನಿ ತಗ್ಗಿತು.

"ಇನ್ನೊಂದು ಇದೆ. ನೀವು ಸಡಿಲ ಮಾಡಿದ ಮೇಲೆ ಅವಳು ರಾತ್ರಿ ಅಳದೆ ಮಲಗ್ತಿದ್ಲು. ನಾನೂ ಮಲಗ್ತಿದ್ದೆ. ಬೆಳಿಗ್ಗೆ ಕೆಲಸಕ್ಕೆ ಏಳ್ಬೇಕಲ್ಲ. ಬೇಡ ಅಂತ ನಾನೂ ಹೇಳ್ಲಿಲ್ಲ. ಅದಕ್ಕೇ ನಿನ್ನೆ ಬಾಯಿ ಬರ್ಲಿಲ್ಲ."

ದೊಡ್ಡಮ್ಮ ಕ್ಷಮಿಸಿ ಎನ್ನಲು ಹೋದಳು. ಆ ಊರಿನ ಮಾತಿನಲ್ಲಿ ಅವಳಿಗೆ ಗೊತ್ತಿದ್ದದ್ದು ಬಸ್ಸಿನಲ್ಲಿ ಕಾಲು ತುಳಿದಾಗ ಹೇಳುವ ಸಣ್ಣ ಪದ. ಅದನ್ನು ಇಲ್ಲಿ ಆಡಲು ಮನಸ್ಸಾಗಲಿಲ್ಲ. ನಾಲ್ಕನೆಯ ಚಾದರದ ತುದಿ ಎತ್ತಿಕೊಂಡಳು.

"ಇನ್ಮೇಲೆ ಅವಳಿಗೆ ಬೇರೆಯವರು ಹೊಲೀತಾರೆ" ಎಂದಳು.

"ಬೇಡ." ತಾಯಿ ಅವಳನ್ನು ನೇರ ನೋಡಿದಳು. "ನೀವೇ ಹೊಲೀರಿ. ನೀವೇ ತೊಡಿಸಿ. ಬಿಗಿ ಮಾಡಿ. ಅಳೋದಿದ್ರೆ ನಿಮ್ಮ ಮುಂದೆ ಅಳಲಿ. ಎಲ್ಲಾ ಅಳುವೂ ನನ್ನ ಪಾಲಿಗೇ ಯಾಕೆ?"

ಹೊಸ ತೋಳನ್ನು ದೊಡ್ಡಮ್ಮ ಅಂಚಿಗೇ ಹೊಲಿದಳು. ಮಿಕ್ಕ ಬಟ್ಟೆಯನ್ನು ಕತ್ತರಿಸುವಾಗ ಕೈ ತಡೆಯಿತು. ಆದರೂ ಕತ್ತರಿಸಿದಳು. ಇಸ್ತ್ರಿ ಮೇಡಂ ನೀಲಿ ದಾರ ಹಾಕಿ, ಈ ಸಲ ಪರದೆಯ ಒಳಗೂ ಬಂದು ನಿಂತರು. ಚೂಟಿ ಎಂದಿನಂತೆ ಓಡಿಬಂದು ತೊಡೆ ಹತ್ತಿ ಕೈ ಚಾಚಿದಳು. ಬಟ್ಟೆ ಮೊಣಕೈ ಮುಟ್ಟಿತು. ಚೂಟಿ ಹಣೆ ಒತ್ತಿ ಅಳತೊಡಗಿದಳು. ಇನ್ನೇನು ಕತ್ತರಿ ಬರುತ್ತದೆ ಎಂದು ಕಾದಳು. ಬರಲಿಲ್ಲ. ಬಟ್ಟೆ ಇನ್ನೂ ಮೇಲಕ್ಕೆ ಬಂತು. ಅವಳು ತಲೆ ಎತ್ತಿ ದೊಡ್ಡಮ್ಮನ ಮುಖ ನೋಡಿದಳು. ಆಗ ಕಿರುಚಿದಳು. ಒದ್ದಳು, ಕನ್ನಡಕ ಕಿತ್ತೆಸೆದಳು, ದೊಡ್ಡಮ್ಮನ ಮಣಿಕಟ್ಟನ್ನು ಕಚ್ಚಿದಳು.

"ನೀನು ಕೆಟ್ಟವಳು! ಕೆಟ್ಟ ಅಜ್ಜಿ!"

"ಹೌದಮ್ಮ" ಎಂದಳು ದೊಡ್ಡಮ್ಮ ಕನ್ನಡದಲ್ಲಿ. ಬೇರೆ ಭಾಷೆ ಆ ಹೊತ್ತಿಗೆ ಹೊಳೆಯಲಿಲ್ಲ. "ಹೌದು ಕಂದ, ಹೌದು." ಕೈ ಮಾತ್ರ ಬಟ್ಟೆಯನ್ನು ಎಳೆಯುತ್ತಲೇ ಇತ್ತು. ಭುಜದವರೆಗೆ ಎಳೆದು, ಸುಕ್ಕು ಸವರಿ ಬಿಟ್ಟಳು.

ಚೂಟಿ ಮತ್ತೆ ತೊಡೆ ಹತ್ತಲಿಲ್ಲ. ಬಂದಾಗಲೆಲ್ಲ ಸ್ಟೂಲಿನ ಮೇಲೆ ಕುಳಿತು, ಗೋಡೆ ನೋಡುತ್ತ ಕೈ ಕೊಡುತ್ತಿದ್ದಳು. ದೊಡ್ಡಮ್ಮ ಮಂಡಿಯೂರಿ ತೊಡಿಸುತ್ತಿದ್ದಳು. ಮಂಡಿ ನೋಯುತ್ತಿತ್ತು. ಇಸ್ತ್ರಿ ಮೇಡಂ ಒಂದು ದಿನ ಮಾತಿಲ್ಲದೆ ಒಂದು ದಿಂಬನ್ನು ತಂದು ನೆಲಕ್ಕೆ ಹಾಕಿದರು. ಊರಿಗೆ ಹೊರಡುವ ಹೊತ್ತು ಹತ್ತಿರವಾಗಿತ್ತು. ದೊಡ್ಡಮ್ಮ ಅದನ್ನು ಮುಂದಕ್ಕೆ ಹಾಕಿಸಿಕೊಂಡಳು.

"ಬೈಸ್ಕೊಂಡು ಇರೋದಕ್ಕೆ ಅಲ್ಲಿ ಯಾಕೆ ಇದ್ದೀಯ? ಬೈಯೋಕೆ ಇಲ್ಲಿ ನಾನಿಲ್ವಾ?" ಎಂದಳು ತಂಗಿ ಫೋನಿನಲ್ಲಿ. ನಗಿಸಲು ನೋಡಿದವಳು ನಡುವೆಯೇ ಮಾತು ಬದಲಿಸಿದಳು. "ಉಂಡ್ಯಾ?"

"ಉಂಡೆ ಕಣೇ" ಎಂದಳು ದೊಡ್ಡಮ್ಮ. ನಿಜವಾಗಿಯೂ ಉಂಡಿದ್ದಳು.

ಗಡುವಿನ ದಿನ ಮತ್ತೆ ಅದೇ ಬಿಳಿ ಹಾಸು, ಅದೇ ಕೈ. ಉಬ್ಬು ತಗ್ಗಿತ್ತು. ಕೆಂಪು ಮಾಸುತ್ತಿತ್ತು. ಡಾಕ್ಟರು ಮೆಲ್ಲಗೆ ಕೈಯನ್ನು ಚಾಚಿದರು. ಅರ್ಧ ದಾಟಿತು, ಇನ್ನೂ ಮುಂದೆ ಹೋಯಿತು, ಕೊನೆಗೆ ಸ್ವಲ್ಪ ಉಳಿದು ನಿಂತಿತು. ಇನ್ನೊಮ್ಮೆ ನೋಡಿದರು. ಅಲ್ಲೇ ನಿಂತಿತು.

"ಕೊಯ್ಯೋದು ಬೇಡ" ಎಂದರು. "ಆದ್ರೆ ಈ ಕೊನೇ ಮಡಿಕೆ ಹೋಗೋದು ಅನುಮಾನ. ಅಷ್ಟು ಉಳೀಬಹುದು."

ತಾಯಿ ಯೋಚಿಸಿದಳು. "ತಲೆ ಬಾಚ್ಕೋತಾಳಾ?"

"ಬಾಚ್ಕೋತಾಳೆ."

"ಬಟ್ಟೆ ಹಿಂಡ್ತಾಳಾ?"

"ಹಿಂಡ್ತಾಳೆ."

ದೊಡ್ಡಮ್ಮ ಬಾಗಿಲ ಬಳಿ ನಿಂತಿದ್ದಳು. ಆ ಕೈಯಲ್ಲಿ ಉಳಿದ ಮಡಿಕೆ ಎಷ್ಟೆಂದು ಅವಳ ಕಣ್ಣೇ ಅಳೆದುಬಿಟ್ಟಿತ್ತು. ಅದನ್ನು ಯಾವ ಹೊಲಿಗೆ ಬಿಚ್ಚಿಯೂ ಸರಿಮಾಡಲು ಆಗುವುದಿಲ್ಲ ಎನ್ನುವುದೂ ಅವಳಿಗೆ ಗೊತ್ತಿತ್ತು. ನರ್ಸು ತಾಯಿಯ ಬಳಿ ಹೋಗಿ, "ಅವತ್ತು ನಿಮ್ಮನ್ನ ತಪ್ಪು ತಿಳ್ಕೊಂಡ್ವಿ" ಎಂದಳು. ತಾಯಿ ಮಗಳ ಅಂಗಿಯ ಗುಂಡಿ ಹಾಕಿ, ಬಾಗಿಲಿಗೆ ಬಂದು ದೊಡ್ಡಮ್ಮನ ಮುಂದೆ ನಿಂತಳು.

"ಮುಂದಿನ ತೋಳು ಯಾವತ್ತು?"

"ಗುರುವಾರ."

"ಅವಳು ಬೆಳೀತಿದ್ದಾಳೆ. ಅಳತೆ ಹೊಸದಾಗಿ ತಗೋಬೇಕು."

"ತಗೋತೀನಿ."

"ಸರಿ. ಬರ್ತೀವಿ."

ಚೂಟಿ ಆಗಲೇ ಕಾರಿಡಾರಿನಲ್ಲಿ ಮುಂದೆ ಹೋಗಿದ್ದಳು. ಬಿಗಿ ತೋಳಿನ ಕೈಯನ್ನು ಗೋಡೆಗೆ ಸವರುತ್ತ ನಡೆಯುತ್ತಿದ್ದಳು. ತಿರುವಿನವರೆಗೂ ಹಿಂದಿರುಗಿ ನೋಡಲಿಲ್ಲ. ಅವರಿಬ್ಬರೂ ಕಣ್ಮರೆಯಾದ ಮೇಲೆ ದೊಡ್ಡಮ್ಮ ಹೊಲಿಗೆಯ ಕೋಣೆಗೆ ಹೋದಳು. ಅಲ್ಲಿ ಸ್ಟೂಲಿನ ಮೇಲೆ ಯಾರೋ ಹೊಸಬ, ಕೈಗೆ ಬಟ್ಟೆ ಸುತ್ತಿಕೊಂಡ ಒಬ್ಬ ಮುದುಕ, ಅಳತೆಗೆಂದು ಕಾದು ಕುಳಿತಿದ್ದ.